‘ಮ್ಯಾಗ್ನ್ಯಾನಿಮಸ್ಲಿ’: ಒಂದು ಕ್ರಿಯಾವಿಶೇಷಣದ ಮೂಲ, ಅರ್ಥ ಮತ್ತು ಅನುವಾದ

ಸಾರಾಂಶ

ಹಿರಿದಾದ ನಡವಳಿಕೆಯನ್ನು ಸೂಚಿಸುವ ‘ಮ್ಯಾಗ್ನ್ಯಾನಿಮಸ್ಲಿ’ ಎಂಬ ಇಂಗ್ಲಿಷ್ ಕ್ರಿಯಾವಿಶೇಷಣಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ‘ಉದಾರವಾಗಿ’, ‘ಔದಾರ್ಯದಿಂದ’ ಎಂಬ ಸಮಾನಪದಗಳನ್ನು ಬಳಸಲಾಗುತ್ತದೆ. ಈ ಸಮೀಕರಣವು ಅಪೂರ್ಣವೆಂಬುದು ಪ್ರಸ್ತುತ ಲೇಖನದ ವಾದ. ಪದದ ರೂಪನಿಷ್ಪತ್ತಿ, ಗ್ರೀಕ್ ಮತ್ತು ಲ್ಯಾಟಿನ್‌ಗಳಿಂದ ಇಂಗ್ಲಿಷಿನವರೆಗಿನ ಅರ್ಥಪಲ್ಲಟ ಹಾಗೂ ವಾಕ್ಯದಲ್ಲಿ ಪದದ ಸ್ಥಾನ ಇವುಗಳನ್ನು ಪರಿಶೀಲಿಸಿ, ಕರ್ತೃವಿಗೆ ನ್ಯಾಯವಾಗಿ ಚಲಾಯಿಸಬಹುದಾದ ಹಿಡಿತವೊಂದಿತ್ತು ಎಂಬ ಪೂರ್ವಭಾವನೆಯನ್ನು ಈ ಪದವು ಹೊತ್ತಿರುತ್ತದೆ ಎಂದು ತೋರಿಸುತ್ತೇವೆ. ಆ ಪೂರ್ವಭಾವನೆಯನ್ನು ಗಮನಿಸದ ಅನುವಾದವು ಹಕ್ಕನ್ನು ಅನುಗ್ರಹವೆಂಬಂತೆ ಕಾಣಿಸುವ ಅಪಾಯವಿದೆ. ಕನ್ನಡದ ‘ದೊಡ್ಡ ಮನಸ್ಸು’, ‘ದೊಡ್ಡತನ’, ‘ದೊಡ್ಡಸ್ತಿಕೆ’ ಎಂಬ ಪದಕುಟುಂಬವು ಇಲ್ಲಿ ಹೆಚ್ಚು ಸೂಕ್ಷ್ಮವಾದ ಸಾಧನವನ್ನು ಒದಗಿಸುತ್ತದೆ.

ಪ್ರಮುಖ ಪದಗಳು: ಕ್ರಿಯಾವಿಶೇಷಣ, ವ್ಯುತ್ಪತ್ತಿ, ಅರ್ಥಪಲ್ಲಟ, ಪೂರ್ವಭಾವನೆ, ದ್ವಿಭಾಷಾ ನಿಘಂಟು, ಅನುವಾದ

1. ಪೀಠಿಕೆ

ದ್ವಿಭಾಷಾ ನಿಘಂಟುಗಳಲ್ಲಿ ಕ್ರಿಯಾವಿಶೇಷಣಗಳು ಅತ್ಯಂತ ಕಡಿಮೆ ಗಮನ ಪಡೆಯುವ ನಮೂದುಗಳು. ಗುಣವಾಚಕಕ್ಕೆ ಅರ್ಥವನ್ನು ಕೊಟ್ಟಮೇಲೆ ಅದಕ್ಕೆ ‘ಆಗಿ’ ಅಥವಾ ‘ಇಂದ’ ಸೇರಿಸಿದರೆ ಕ್ರಿಯಾವಿಶೇಷಣದ ಅರ್ಥವೂ ದೊರೆತಂತೆ ಎಂಬ ಭಾವನೆ ನಿಘಂಟುಕಾರರಲ್ಲಿ ಬೇರೂರಿದೆ. ‘ವೇಗದ’ ಎಂಬುದರಿಂದ ‘ವೇಗವಾಗಿ’ ಹುಟ್ಟುವಂತೆ ‘ಉದಾರ’ದಿಂದ ‘ಉದಾರವಾಗಿ’ ಹುಟ್ಟುತ್ತದೆ, ಕೆಲಸ ಮುಗಿಯುತ್ತದೆ. ವೇಗವನ್ನು ಅಳೆಯಬಹುದು. ಆದರೆ ಒಬ್ಬರ ನಡವಳಿಕೆಯನ್ನು ಹಿರಿದೆಂದು ಕರೆಯುವಾಗ ನಾವು ಅಳೆಯುವುದಿಲ್ಲ, ತೀರ್ಪು ಕೊಡುತ್ತೇವೆ. ತೀರ್ಪಿನ ಪದವೊಂದು ಯಾರ ಕುರಿತು, ಯಾವ ಸಂದರ್ಭದಲ್ಲಿ, ಯಾರಿಂದ ಬಳಕೆಯಾಗಬಲ್ಲದು ಎಂಬುದು ಅದರ ಅರ್ಥದ ಭಾಗವೇ ಆಗಿರುತ್ತದೆ.

ಈ ಪದದ ವಿಷಯದಲ್ಲಿ ಎರಡು ರೂಢಿಗಳನ್ನು ನಾವು ವಿಮರ್ಶೆಗೆ ಒಳಪಡಿಸುತ್ತೇವೆ. ಮೊದಲನೆಯದು, ವ್ಯುತ್ಪತ್ತಿಯನ್ನೇ ಅರ್ಥವೆಂದು ಭಾವಿಸಿ ‘ಮಹಾತ್ಮನಂತೆ’ ಎಂದು ವಿವರಿಸುವ ರೂಢಿ. ಎರಡನೆಯದು, ಇತಿಹಾಸವನ್ನು ಪೂರ್ಣವಾಗಿ ಬದಿಗಿರಿಸಿ ‘ಉದಾರವಾಗಿ’ ಎಂಬ ಒಂದೇ ಪದದಲ್ಲಿ ವಿಷಯವನ್ನು ಮುಗಿಸುವ ರೂಢಿ. ಇವೆರಡೂ ಪರಸ್ಪರ ವಿರುದ್ಧವೆಂದು ಕಂಡರೂ ಒಂದೇ ಸಂಗತಿಯನ್ನು ಮರೆಮಾಡುತ್ತವೆ ಎಂಬುದು ನಮ್ಮ ಅಭಿಪ್ರಾಯ.

2. ರೂಪ ಮತ್ತು ಮೂಲ

ಪದದ ರಚನೆ ಸರಳವಾಗಿದೆ. ಲ್ಯಾಟಿನ್ನಿನ ‘ಮಾಗ್ನುಸ್’ ಎಂದರೆ ದೊಡ್ಡದು. ‘ಅನಿಮುಸ್’ ಎಂದರೆ ಮನಸ್ಸು, ಚೈತನ್ಯ, ಕೆಚ್ಚು. ಇವೆರಡರ ಸಮಾಸ ‘ಮಾಗ್ನಾನಿಮುಸ್’. ಇದರಿಂದ ಬಂದ ಭಾವನಾಮವು 14ನೆಯ ಶತಮಾನದ ವೇಳೆಗೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ‘ಮ್ಯಾಗ್ನ್ಯಾನಿಮಸ್’ ಎಂಬ ಗುಣವಾಚಕ ರೂಢಿಗೆ ಬಂದುದು ಆ ಬಳಿಕ. ಅದಕ್ಕೆ ‘ಲಿ’ ಪ್ರತ್ಯಯ ಸೇರಿ ಕ್ರಿಯಾವಿಶೇಷಣ ಸಿದ್ಧವಾಯಿತು. ಈ ಪ್ರತ್ಯಯ ಲ್ಯಾಟಿನ್ ಮೂಲದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಶರೀರ, ಆಕಾರ’ ಎಂಬರ್ಥದ ‘ಲೀಚ್’ ಎಂಬ ನಾಮಪದಕ್ಕೆ ಸಂಬಂಧಿಸಿದ್ದು ಅದು. ಇಟಾಲಿಯನ್ ಮೊದಲಾದ ರೋಮಾನ್ಸ್ ಭಾಷೆಗಳು ಕ್ರಿಯಾವಿಶೇಷಣವನ್ನು ‘ಮನಸ್ಸಿನಿಂದ’ ಎಂಬರ್ಥದ ‘ಮೆಂತೆ’ ಎಂಬ ಲ್ಯಾಟಿನ್ ರೂಪದಿಂದ ಕಟ್ಟಿಕೊಂಡರೆ, ಇಂಗ್ಲಿಷ್ ಶರೀರವಾಚಕದಿಂದ ಕಟ್ಟಿಕೊಂಡಿದೆ. ಕನ್ನಡವಾದರೋ ‘ಆಗು’ ಧಾತುವಿನ ‘ಆಗಿ’ ರೂಪವನ್ನೂ ತೃತೀಯಾ ವಿಭಕ್ತಿಯ ‘ಇಂದ’ ಪ್ರತ್ಯಯವನ್ನೂ ಬಳಸುತ್ತದೆ.

ಇನ್ನೂ ಹಿಂದೆ ಸರಿದರೆ ಸಂಸ್ಕೃತದ ನಂಟು ಗೋಚರಿಸುತ್ತದೆ. ಲ್ಯಾಟಿನ್ನಿನ ‘ಮಾಗ್ನುಸ್’, ಗ್ರೀಕಿನ ‘ಮೆಗಸ್’, ಸಂಸ್ಕೃತದ ‘ಮಹತ್’ ಇವು ಜ್ಞಾತಿಪದಗಳು. ‘ಅನಿಮುಸ್’ ಎಂಬುದು ಉಸಿರಾಡು ಎಂಬರ್ಥದ ಇಂಡೋ-ಯುರೋಪಿಯನ್ ಧಾತುವಿನಿಂದ ಬಂದಿದೆ. ಸಂಸ್ಕೃತದಲ್ಲಿ ಅದೇ ಧಾತು ‘ಅನ್’ ಎಂದಿದ್ದು, ‘ಪ್ರ’ ಉಪಸರ್ಗದೊಡನೆ ‘ಪ್ರಾಣ’ ಎಂಬ ಪದವನ್ನು ಕೊಟ್ಟಿದೆ. ಹೀಗಾಗಿ ಧಾತುಗಳನ್ನು ಮಾತ್ರ ನೋಡಿದರೆ ‘ಮಾಗ್ನಾನಿಮುಸ್’ ಪದಕ್ಕೆ ಅತ್ಯಂತ ಸಮೀಪದ ಸಂಸ್ಕೃತ ಸಮಾಸ ‘ಮಹಾತ್ಮ’ವಲ್ಲ, ‘ಮಹಾಪ್ರಾಣ’! ಕನ್ನಡ ವ್ಯಾಕರಣ ಓದಿದ ಪ್ರತಿಯೊಬ್ಬರೂ ಬಲ್ಲಂತೆ ಅದು ಖ, ಘ, ಛ, ಝ ಮೊದಲಾದ ವ್ಯಂಜನಗಳ ಹೆಸರು. ‘ಉದಾತ್ತ’ ಎಂಬ ಮತ್ತೊಂದು ಸಂಭಾವ್ಯ ಸಮಾನಪದವೂ ವೇದದ ಏರುಸ್ವರಕ್ಕೆ ಸಂದ ಪಾರಿಭಾಷಿಕ ಪದ. ಧಾತುಸಾಮ್ಯವನ್ನು ನೆಚ್ಚಿ ಅರ್ಥವನ್ನು ನಿರ್ಣಯಿಸಹೊರಟರೆ ಎಲ್ಲಿಗೆ ತಲುಪುತ್ತೇವೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ವ್ಯುತ್ಪತ್ತಿಯು ಪದವು ಹೊರಟ ಸ್ಥಳವನ್ನು ಹೇಳುತ್ತದೆ. ಅದು ಬಂದು ನಿಂತ ಸ್ಥಳವನ್ನು ಹೇಳುವುದಿಲ್ಲ.

3. ಅರ್ಥಪಲ್ಲಟದ ಹಾದಿ

ಲ್ಯಾಟಿನ್ ಪದಕ್ಕೆ ಗ್ರೀಕಿನ ಎರಡು ಪದಗಳ ಹಿನ್ನೆಲೆಯಿದೆ. ಒಂದು, ಹೋಮರನ ಕಾವ್ಯಗಳಲ್ಲಿ ವೀರರಿಗೆ ವಿಶೇಷಣವಾಗಿ ಬರುವ ‘ಮೆಗಥುಮೊಸ್’. ಕೆಚ್ಚೆದೆಯವನು ಎಂದು ಅದರ ತಾತ್ಪರ್ಯ. ಮತ್ತೊಂದು, ತತ್ತ್ವಶಾಸ್ತ್ರದ ‘ಮೆಗಲೊಪ್ಸುಖೊಸ್’, ಅಂದರೆ ಹಿರಿಯಾತ್ಮನು. ವರ್ಜಿಲನ ಮಹಾಕಾವ್ಯದಲ್ಲಿ ‘ಮಾಗ್ನಾನಿಮುಸ್’ ಮೊದಲನೆಯದರ ಸ್ಥಾನದಲ್ಲಿ ನಿಂತರೆ, ತತ್ತ್ವಚಿಂತಕರಲ್ಲಿ ಎರಡನೆಯದರ ಅನುವಾದ ಸ್ವೀಕರಣವಾಗಿ ನಿಂತಿತು. ಪರಾಕ್ರಮ ಮತ್ತು ಆತ್ಮಗೌರವ ಎಂಬ ಎರಡು ಎಳೆಗಳು ಆರಂಭದಿಂದಲೇ ಈ ಪದದಲ್ಲಿ ಹೆಣೆದುಕೊಂಡಿವೆ.

ಅರಿಸ್ಟಾಟಲ್ ‘ನಿಕೊಮಾಕಿಯನ್ ಎಥಿಕ್ಸ್’ ಗ್ರಂಥದ ನಾಲ್ಕನೆಯ ಪುಸ್ತಕದಲ್ಲಿ ಚಿತ್ರಿಸುವ ಹಿರಿಯಾತ್ಮನು ದೊಡ್ಡ ಗೌರವಕ್ಕೆ ಅರ್ಹನಾಗಿದ್ದು, ತಾನು ಅರ್ಹನೆಂದು ತಿಳಿದಿರುವವನೂ ಹೌದು. ಅವನು ಉಪಕಾರ ಮಾಡಲು ಬಯಸುತ್ತಾನೆ, ಉಪಕಾರ ಪಡೆಯಲು ನಾಚುತ್ತಾನೆ. ಅವನ ನಡಿಗೆ ನಿಧಾನ, ಧ್ವನಿ ಗಂಭೀರ. ತನಗಾದ ಕೆಡುಕನ್ನು ಅವನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಇಂದಿನ ಇಂಗ್ಲಿಷ್ ಅರ್ಥದ ಬೀಜ ಈ ಕೊನೆಯ ಮಾತಿನಲ್ಲಿದೆ. ಆದರೆ ಅದು ಕರುಣೆಯಿಂದ ಹುಟ್ಟಿದ ಕ್ಷಮೆಯಲ್ಲ. ಇತರರ ಕೆಡುಕು ಅವನ ಹಿರಿಮೆಯ ಮುಂದೆ ಸಣ್ಣದು, ಆದ್ದರಿಂದ ಮರೆಯಲು ತಕ್ಕದ್ದು. ಡಬ್ಲ್ಯೂ. ಡಿ. ರಾಸ್ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಈ ಗುಣಕ್ಕೆ ‘ಪ್ರೈಡ್’ ಎಂಬ ಪದವನ್ನೇ ಆರಿಸಿಕೊಂಡುದು ಅಕಾರಣವಲ್ಲ. ಕನ್ನಡಿಗರಿಗೆ ಈ ನಂಟು ಅಪರಿಚಿತವಾಗಬೇಕಿಲ್ಲ: ಹಳಗನ್ನಡದಲ್ಲಿ ಹಿರಿಮೆ ಎಂಬರ್ಥವಿದ್ದ ‘ಪೆರ್ಮೆ’ಯೇ ಇಂದು ‘ಹೆಮ್ಮೆ’ಯಾಗಿದೆ.

ಸಿಸೆರೊ ಕ್ರಿ.ಪೂ. 44ರಲ್ಲಿ ರಚಿಸಿದ ಕರ್ತವ್ಯಗಳ ಕುರಿತ ಗ್ರಂಥವು ಈ ಗುಣಕ್ಕೆ ಎರಡು ಕಟ್ಟುಗಳನ್ನು ಹಾಕಿತು. ನ್ಯಾಯವಿಲ್ಲದ ಮನೋದಾರ್ಢ್ಯ ಸದ್ಗುಣವಲ್ಲ ಎಂಬುದು ಒಂದು; ಹಿರಿಯ ವ್ಯಕ್ತಿಗೆ ಕೋಪಶಮನ ಮತ್ತು ಕ್ಷಮಾಗುಣಗಳಷ್ಟು ಒಪ್ಪುವುದು ಬೇರಿಲ್ಲ ಎಂಬುದು ಇನ್ನೊಂದು. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಈ ಗುಣವನ್ನು ಕ್ರೈಸ್ತ ವಿನಯದೊಡನೆ ಹೊಂದಿಸಲು ಶ್ರಮಿಸಿದ.

ಇಂಗ್ಲಿಷಿಗೆ ಪದವು ಬಂದಾಗ ಮುಂದಿದ್ದುದು ಮಾತ್ರ ಪರಾಕ್ರಮದ ಎಳೆಯೇ. ಚಾಸರನು ಈ ಗುಣವನ್ನು ಎದೆಗಾರಿಕೆ ಎಂದೇ ವಿವರಿಸುತ್ತಾನೆ. ಷೇಕ್ಸ್‌ಪಿಯರನ ಐದನೆಯ ಹೆನ್ರಿಯ ನಾಟಕದಲ್ಲಿ ಫ್ಲೂಎಲೆನ್ ಎಂಬ ವೇಲ್ಸ್‌ನ ದಳಪತಿಯು ಅಲೆಗ್ಸಾಂಡರನ ಬಿರುದನ್ನು ತಪ್ಪಾಗಿ ಉಚ್ಚರಿಸಿ, ತಿದ್ದಿದವನಿಗೆ ದೊಡ್ಡ, ಬಲಿಷ್ಠ, ಬೃಹತ್, ಮ್ಯಾಗ್ನ್ಯಾನಿಮಸ್ ಎಲ್ಲವೂ ಒಂದೇ ಎಂದು ಸಮಜಾಯಿಷಿ ನೀಡುತ್ತಾನೆ. ಇದು ಹಾಸ್ಯದ ಸನ್ನಿವೇಶ ನಿಜ. ಆದರೆ ನಗು ಹುಟ್ಟಲು ಆ ಪದವು ಗಾತ್ರ ಮತ್ತು ಬಲಗಳ ಸಾಲಿನಲ್ಲಿ ನಿಲ್ಲಬಲ್ಲದಾಗಿರಬೇಕು. ಸೆರೆಯಾಳುಗಳ ಕುತ್ತಿಗೆ ಕೊಯ್ಯಲು ಅರಸನು ಅಪ್ಪಣೆ ಕೊಟ್ಟುದನ್ನು ಮೆಚ್ಚುವ ಮಾತು ಅದೇ ದೃಶ್ಯದಲ್ಲಿ ಅದಕ್ಕೆ ತುಸು ಮುಂಚೆ ಬರುತ್ತದೆ. ಸೋತವರಿಗೆ ತೋರುವ ದಯೆಗೂ ಈ ಪದಕ್ಕೂ ಅಲ್ಲಿ ಯಾವ ನಂಟೂ ಕಾಣುವುದಿಲ್ಲ.

ಕ್ರಿಯಾವಿಶೇಷಣದ ಒಂದು ಪ್ರಸಿದ್ಧ ಪ್ರಯೋಗ ಮಿಲ್ಟನ್ 1644ರಲ್ಲಿ ಶಿಕ್ಷಣದ ಕುರಿತು ಬರೆದ ಕಿರುಹೊತ್ತಗೆಯಲ್ಲಿದೆ. ಶಾಂತಿಕಾಲ ಯುದ್ಧಕಾಲಗಳ ಎಲ್ಲ ಕರ್ತವ್ಯಗಳನ್ನು ನಿರ್ವಹಿಸಬೇಕಾದ ರೀತಿಯನ್ನು ಹೇಳುತ್ತ ಅವನು ನ್ಯಾಯ ಮತ್ತು ಕೌಶಲಗಳನ್ನು ಸೂಚಿಸುವ ಎರಡು ಕ್ರಿಯಾವಿಶೇಷಣಗಳ ನಂತರ ಇದನ್ನು ಮೂರನೆಯದಾಗಿ ಇಡುತ್ತಾನೆ. ಅಲ್ಲಿ ಎದುರಾಳಿಯಿಲ್ಲ, ಕ್ಷಮೆಯಿಲ್ಲ. ಹೊಣೆಯನ್ನು ಹೊರುವ ಮನಸ್ಸಿನ ವಿಸ್ತಾರ ಮಾತ್ರವಿದೆ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಕ್ರಿಯಾವಿಶೇಷಣಕ್ಕೆ ಕೊಡುವ ಮೊದಲ ಅರ್ಥವೂ ಧೈರ್ಯದ್ದೇ. ಇಪ್ಪತ್ತು ವರ್ಷಗಳ ಬಳಿಕ, 1775ರ ಮಾರ್ಚ್ 22ರಂದು, ಅಮೆರಿಕದ ವಸಾಹತುಗಳೊಡನೆ ರಾಜಿ ಮಾಡಿಕೊಳ್ಳಬೇಕೆಂದು ಎಡ್ಮಂಡ್ ಬರ್ಕ್ ಪಾರ್ಲಿಮೆಂಟಿನಲ್ಲಿ ಮಾತನಾಡುವಾಗ ಈ ಗುಣವನ್ನು ರಾಜಕಾರಣದ ವಿವೇಕವೆಂದು ಕರೆದು, ದೊಡ್ಡ ಸಾಮ್ರಾಜ್ಯಕ್ಕೆ ಸಣ್ಣ ಮನಸ್ಸು ತಕ್ಕುದಲ್ಲ ಎಂಬ ನಿಲುವನ್ನು ಮುಂದಿಟ್ಟ. ಇಲ್ಲಿ ಅರ್ಥದ ನೆಲೆ ಬದಲಾಗಿದೆ. ಬಲವುಳ್ಳವನು ಬಲವನ್ನು ಚಲಾಯಿಸದೆ ಬಿಡುವುದೇ ಈಗ ಪದದ ಕೇಂದ್ರ.

4. ವಿರುದ್ಧಾರ್ಥಕಗಳ ಸಾಕ್ಷ್ಯ

ಈ ಪಲ್ಲಟಕ್ಕೆ ಭಾಷೆಯೊಳಗೇ ಒಂದು ಸಾಕ್ಷ್ಯ ಉಳಿದಿದೆ. ‘ಮಾಗ್ನಾನಿಮುಸ್’ ಪದದ ಲ್ಯಾಟಿನ್ ಪ್ರತಿಪದ ‘ಪುಸಿಲ್ಲಾನಿಮಿಸ್’, ಅಂದರೆ ತೀರ ಸಣ್ಣ ಮನಸ್ಸಿನವನು. ಅದರಿಂದ ಬಂದ ‘ಪ್ಯೂಸಿಲ್ಯಾನಿಮಸ್’ ಇಂದಿಗೂ ಇಂಗ್ಲಿಷಿನಲ್ಲಿ ‘ಹೇಡಿ’ ಎಂಬರ್ಥವನ್ನೇ ಕೊಡುತ್ತದೆ. ರೂಪದಲ್ಲಿ ಜೋಡಿಯಾಗಿದ್ದ ಪದಗಳಲ್ಲಿ ಒಂದು ಧೈರ್ಯದ ಅಕ್ಷದಲ್ಲೇ ನಿಂತಿತು, ಇನ್ನೊಂದು ಕ್ಷಮೆಯ ಅಕ್ಷಕ್ಕೆ ಸರಿಯಿತು. ಇಂದು ‘ಮ್ಯಾಗ್ನ್ಯಾನಿಮಸ್’ ಪದಕ್ಕೆ ವಿರುದ್ಧಾರ್ಥಕವನ್ನು ಕೇಳಿದರೆ ಇಂಗ್ಲಿಷ್ ಭಾಷಿಕನು ಹೇಡಿತನದ ಪದವನ್ನಲ್ಲ, ಕ್ಷುಲ್ಲಕತನ ಅಥವಾ ಹಗೆ ಸಾಧಿಸುವಿಕೆಯ ಪದವನ್ನು ಹೇಳಿಯಾನು. ಅದೇ ‘ಅನಿಮುಸ್’ ಕುಲದ ‘ಆ್ಯನಿಮಾಸಿಟಿ’ಯೂ ಮೊದಲು ಕೆಚ್ಚು ಎಂಬರ್ಥ ಹೊಂದಿದ್ದು ಆಮೇಲೆ ವೈರವೆಂಬ ಅರ್ಥಕ್ಕೆ ತಿರುಗಿತು. ಒಂದೇ ಮೂಲದ ಕೆಚ್ಚು ಒಂದು ಪದದಲ್ಲಿ ಹಗೆಯಾಯಿತು, ಇನ್ನೊಂದರಲ್ಲಿ ಹಗೆಯನ್ನು ಬಿಡುವ ಶಕ್ತಿಯಾಯಿತು. ‘ಉದಾರವಾಗಿ’ ಎಂಬ ಅನುವಾದಕ್ಕೆ ಈ ಇತಿಹಾಸದ ಸುಳಿವೇ ಇಲ್ಲ.

5. ವಾಕ್ಯದಲ್ಲಿ ಸ್ಥಾನ

ಇಂಗ್ಲಿಷಿನ ಕೆಲವು ಕ್ರಿಯಾವಿಶೇಷಣಗಳು ವಾಕ್ಯದಲ್ಲಿ ತಾವು ನಿಲ್ಲುವ ಸ್ಥಾನಕ್ಕೆ ತಕ್ಕಂತೆ ಎರಡು ಬಗೆಯ ಅರ್ಥವನ್ನು ಕೊಡುತ್ತವೆ ಎಂಬುದನ್ನು ರೇ ಜಾಕೆಂಡಾಫ್ 1972ರ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ನಮ್ಮ ಪದವೂ ಆ ಗುಂಪಿಗೆ ಸೇರುತ್ತದೆ. ವಾಕ್ಯದ ಆದಿಯಲ್ಲಿ ಬಂದಾಗ ಅದು ಕರ್ತೃವನ್ನು ಕುರಿತ ತೀರ್ಪು: ಹಾಗೆ ಮಾಡಿದ್ದೇ ದೊಡ್ಡದು. ಕ್ರಿಯಾಪದದ ನಂತರ ಬಂದಾಗ ಅದು ರೀತಿಯ ವರ್ಣನೆ: ಮಾಡಿದ ಬಗೆ ದೊಡ್ಡದು. ‘ಆಗಿ’, ‘ಇಂದ’ಗಳನ್ನು ಯಾಂತ್ರಿಕವಾಗಿ ಬಳಸುವ ಅನುವಾದದಲ್ಲಿ ಈ ಭೇದ ಅಳಿದುಹೋಗುತ್ತದೆ. ಕನ್ನಡವು ಅದನ್ನು ಬೇರೆ ಬೇರೆ ರಚನೆಗಳಿಂದ ಸ್ಪಷ್ಟಪಡಿಸಬಲ್ಲದು:

(ಅ) ಅವರು ಸೋಲನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು.
(ಆ) ಅವರು ಸೋಲನ್ನು ಒಪ್ಪಿಕೊಂಡದ್ದು ಅವರ ದೊಡ್ಡತನ.

(ಅ) ವಾಕ್ಯವು ರೀತಿಯನ್ನೂ (ಆ) ವಾಕ್ಯವು ತೀರ್ಪನ್ನೂ ಹೇಳುತ್ತವೆ. ನಿಷೇಧವನ್ನು ತಂದರೆ ಭೇದ ಇನ್ನೂ ನಿಚ್ಚಳವಾಗುತ್ತದೆ. ‘ಒಪ್ಪಿಕೊಂಡರು, ಆದರೆ ದೊಡ್ಡ ಮನಸ್ಸಿನಿಂದಲ್ಲ’ ಎನ್ನುವಾಗ ರೀತಿ ನಿಷೇಧಗೊಳ್ಳುತ್ತದೆ; ‘ದೂರು ಕೊಡದೆ ಬಿಟ್ಟದ್ದು ಅವರ ದೊಡ್ಡತನ’ ಎನ್ನುವಾಗ ನಿಷೇಧವು ತೀರ್ಪಿನ ಒಳಗೆ ಅಡಗಿ, ತೀರ್ಪು ಅಬಾಧಿತವಾಗಿ ಉಳಿಯುತ್ತದೆ.

ಉತ್ತಮ ಪುರುಷದೊಡನೆ ಈ ಪದ ಹೊಂದುವುದಿಲ್ಲ ಎಂಬುದನ್ನೂ ಗಮನಿಸಬೇಕು. ತನ್ನ ಕೃತ್ಯಕ್ಕೆ ತಾನೇ ಇದನ್ನು ಬಳಸುವ ಇಂಗ್ಲಿಷ್ ಭಾಷಿಕನು ತಮಾಷೆ ಮಾಡುತ್ತಿರುತ್ತಾನೆ ಅಥವಾ ಜಂಬ ಕೊಚ್ಚಿಕೊಳ್ಳುತ್ತಿರುತ್ತಾನೆ. ಕನ್ನಡದಲ್ಲಿಯೂ ‘ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟೆ’ ಎಂದರೆ ಕೇಳಿದವರು ನಕ್ಕಾರು. ನಿಜಕ್ಕೂ ಬಿಟ್ಟುಕೊಟ್ಟವರು ಹೇಳುವ ಮಾತು ‘ಹೋಗಲಿ ಬಿಡಿ’ ಎಂಬಷ್ಟೇ. ತೀರ್ಪು ಕೊಡುವ ಅಧಿಕಾರ ಯಾವಾಗಲೂ ಇತರರದು.

6. ಪೂರ್ವಭಾವನೆ ಮತ್ತು ಅದರ ಪರಿಣಾಮ

ವಾಕ್ಯವು ನೇರವಾಗಿ ಹೇಳದೆ, ಕೇಳುಗನು ಮೊದಲೇ ಒಪ್ಪಿರುವನೆಂದು ಇಟ್ಟುಕೊಳ್ಳುವ ಸಂಗತಿಯನ್ನು ಪೂರ್ವಭಾವನೆ ಎನ್ನುತ್ತೇವೆ. ‘ಉದಾರವಾಗಿ ಕೊಟ್ಟರು’ ಎನ್ನಲು ಕೊಡುವವರ ಬಳಿ ಸಂಪತ್ತಿದ್ದರೆ ಸಾಕು. ಕೊಡುವವರಿಗೂ ಪಡೆಯುವವರಿಗೂ ಹಿಂದಿನ ಯಾವ ವ್ಯಾಜ್ಯವೂ ಇರಬೇಕಿಲ್ಲ. ‘ಮ್ಯಾಗ್ನ್ಯಾನಿಮಸ್ಲಿ’ ಎನ್ನಲು ಕರ್ತೃವಿನ ಕೈಯಲ್ಲಿ ಒಂದು ಹಿಡಿತವಿರಬೇಕು, ಆ ಹಿಡಿತ ನ್ಯಾಯವಾದದ್ದಾಗಿರಬೇಕು, ಅವನು ಅದನ್ನು ಬಿಟ್ಟಿರಬೇಕು. ಸೋತವನ ನಡವಳಿಕೆಗೂ ಈ ಪದವನ್ನು ಬಳಸುತ್ತಾರಲ್ಲ, ಅವನಿಗೆ ಯಾವ ಮೇಲುಗೈ ಇದೆ ಎಂಬ ಆಕ್ಷೇಪ ಇಲ್ಲಿ ಸಹಜ. ಹಿಡಿತವೆಂದರೆ ಅಧಿಕಾರವೇ ಆಗಬೇಕಿಲ್ಲ ಎಂಬುದು ನಮ್ಮ ಸಮಾಧಾನ. ಸೋತವನಿಗೆ ಮುನಿಸಿಕೊಳ್ಳುವ, ಕಹಿಯನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ಅವನು ಬಿಡುವುದು ಅದನ್ನು.

ಮೂರು ಐತಿಹಾಸಿಕ ಪ್ರಸಂಗಗಳು ಈ ಪೂರ್ವಭಾವನೆಯ ಮೂರು ಸ್ಥಿತಿಗಳನ್ನು ತೋರಿಸುತ್ತವೆ. 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ಜನರಲ್ ಲೀ ಶರಣಾದಾಗ, ಜನರಲ್ ಗ್ರಾಂಟ್ ಸೋತ ಸೈನಿಕರನ್ನು ಸೆರೆಯಲ್ಲಿಡದೆ ಮನೆಗೆ ಕಳುಹಿಸಿದ. ಅಧಿಕಾರಿಗಳಿಗೆ ಅವರ ಸೊಂಟದ ಆಯುಧ, ಕುದುರೆಗಳನ್ನು ಬಿಟ್ಟುಕೊಟ್ಟ. ಸೈನಿಕರು ಬೇಸಾಯಕ್ಕೆಂದು ತಮ್ಮ ಕುದುರೆ, ಹೇಸರಗತ್ತೆಗಳನ್ನು ಒಯ್ಯಲು ಒಪ್ಪಿದ. ಹಸಿದ ಪಡೆಗೆ 25,000 ಜನರ ಪಡಿತರ ಕೊಡಿಸಿದ. ಗೆದ್ದವನಿಗೆ ಯುದ್ಧನಿಯಮದಂತೆ ಹಿಡಿತವಿತ್ತು, ಅದನ್ನು ಅವನು ಸಡಿಲಿಸಿದ. ಇಲ್ಲಿ ಪದವು ಸಲ್ಲುತ್ತದೆ.

ಕ್ರಿ.ಪೂ. 46ರಲ್ಲಿ ಯುಟಿಕಾ ನಗರದಲ್ಲಿದ್ದ ಕೇಟೊನ ಪ್ರಸಂಗ ಬೇರೆಯದು. ಸೀಜರನು ಸೋತವರಿಗೆ ಕ್ಷಮೆ ನೀಡುವುದರಲ್ಲಿ ಹೆಸರಾಗಿದ್ದ. ಕೇಟೊ ಆ ಕ್ಷಮೆಯನ್ನು ಬೇಡಲು ನಿರಾಕರಿಸಿ ಪ್ರಾಣ ಬಿಟ್ಟ. ಪ್ಲುಟಾರ್ಕನ ಕಥನದಂತೆ ಅವನ ಕಾರಣ ಇದು: ತನ್ನ ಆಳ್ವಿಕೆಗೆ ಒಳಪಡದವರನ್ನು ಒಡೆಯನಂತೆ ಉಳಿಸಲು ಹೊರಡುವುದೇ ಅಕ್ರಮ, ಅದಕ್ಕೆ ಋಣಿಯಾಗುವುದು ತನಗೆ ಬೇಡ. ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಇದನ್ನು ಪೂರ್ವಭಾವನೆಯ ನಿರಾಕರಣೆ ಎನ್ನಬಹುದು. ಸೀಜರನ ನಡವಳಿಕೆ ದೊಡ್ಡದೋ ಸಣ್ಣದೋ ಎಂಬ ಚರ್ಚೆಗೇ ಕೇಟೊ ಇಳಿಯಲಿಲ್ಲ. ಕ್ಷಮಿಸುವ ಹಕ್ಕು ಅವನದು ಎಂಬುದನ್ನೇ ಒಪ್ಪಲಿಲ್ಲ.

ಮೂರನೆಯದು ಬ್ರಿಟಿಷ್ ಪಾರ್ಲಿಮೆಂಟ್ 1833ರಲ್ಲಿ ಅಂಗೀಕರಿಸಿದ ಗುಲಾಮಗಿರಿ ರದ್ದತಿಯ ಶಾಸನ. ಬಹುಕಾಲ ಅದು ರಾಷ್ಟ್ರವೊಂದರ ಹಿರಿಮನಸ್ಸಿನ ಕಾರ್ಯವೆಂದು ಬಣ್ಣಿಸಲ್ಪಟ್ಟಿತು. ಆ ಶಾಸನವು ಪರಿಹಾರಕ್ಕೆಂದು ತೆಗೆದಿರಿಸಿದ 2 ಕೋಟಿ ಪೌಂಡುಗಳು ಸಂದದ್ದು ಒಡೆಯರಿಗೆ, ಗುಲಾಮರಾಗಿದ್ದವರಿಗೆ ಪರಿಹಾರವಿರಲಿಲ್ಲ. ಮನುಷ್ಯರನ್ನು ಸ್ವತ್ತಾಗಿ ಹಿಡಿದಿಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದಾದರೆ, ಅವರನ್ನು ಬಿಟ್ಟದ್ದನ್ನು ಈ ಕ್ರಿಯಾವಿಶೇಷಣದಿಂದ ವರ್ಣಿಸಲು ಬರುವುದಿಲ್ಲ. ವರ್ಣಿಸಿದೆವೆಂದರೆ, ಹಿಡಿತ ನ್ಯಾಯವಾಗಿತ್ತೆಂದು ಬಾಯಿಬಿಟ್ಟು ಹೇಳದೆಯೇ ಒಪ್ಪಿದಂತಾಗುತ್ತದೆ. ಒಂದು ಕ್ರಿಯಾವಿಶೇಷಣವು ಇಡೀ ಇತಿಹಾಸದ ಹೊಣೆಯನ್ನು ಅದಲುಬದಲು ಮಾಡಬಲ್ಲದು. ನಿಘಂಟಿನ ಒಂದು ಸಾಲು ಇಷ್ಟು ಚರ್ಚೆಗೆ ಅರ್ಹವೇ ಎಂದು ಕೇಳುವವರಿಗೆ ನಮ್ಮ ಉತ್ತರ ಇದೇ.

7. ಕನ್ನಡದ ಸಾಧನಗಳು

‘ಮಾಗ್ನುಸ್’ ಮತ್ತು ‘ಅನಿಮುಸ್’ಗಳನ್ನು ಬಿಡಿಬಿಡಿಯಾಗಿ ಅನುವಾದಿಸಿದರೆ ದೊರೆಯುವುದು ‘ದೊಡ್ಡ ಮನಸ್ಸು’. ಇದು ಲ್ಯಾಟಿನ್ನಿನ ಸ್ವೀಕರಣವಲ್ಲ. ಕನ್ನಡದ ಬಾಯಲ್ಲಿ ನಿತ್ಯ ಕೇಳಿಬರುವ ನುಡಿಗಟ್ಟು. ಎರಡು ಭಾಷೆಗಳು ಬೇರೆ ಬೇರೆಯಾಗಿ ಒಂದೇ ರೂಪಕವನ್ನು ತಲುಪಿರುವುದು ಗಮನಾರ್ಹ. ಆದರೆ ಬಳಕೆಯಲ್ಲಿ ಒಂದು ಮುಖ್ಯ ಭೇದವಿದೆ. ‘ದೊಡ್ಡ ಮನಸ್ಸು ಮಾಡಿ ಈ ಸಲ ಬಿಟ್ಟುಬಿಡಿ ಸ್ವಾಮಿ’ ಎಂದು ಹೇಳುವವನು ಕೆಳಗಿರುವವನು, ಬೇಡುವವನು. ಇಂಗ್ಲಿಷ್ ಪದವು ಕೃತ್ಯ ಮುಗಿದಮೇಲೆ ಮೂರನೆಯವರು ಕೊಡುವ ತೀರ್ಪಾದರೆ, ಕನ್ನಡ ನುಡಿಗಟ್ಟು ಬಹುಪಾಲು ಕೃತ್ಯಕ್ಕೆ ಮೊದಲು ಬಾಧ್ಯಸ್ಥನು ಸಲ್ಲಿಸುವ ಮೊರೆ. ‘ಮಾಡು’ ಎಂಬ ಕ್ರಿಯಾಪದವೂ ಅರ್ಥಪೂರ್ಣ. ಅರಿಸ್ಟಾಟಲನಿಗೆ ಇದು ವ್ಯಕ್ತಿಯಲ್ಲಿ ನೆಲೆಗೊಂಡ ಸ್ವಭಾವ. ಕನ್ನಡದಲ್ಲಿ ಆ ಗಳಿಗೆಗೆ ಮಾಡಿಕೊಳ್ಳಬೇಕಾದ ಕಾರ್ಯ. ಸ್ವಭಾವತಃ ದೊಡ್ಡವನಲ್ಲದವನೂ ಒಮ್ಮೆ ದೊಡ್ಡ ಮನಸ್ಸು ಮಾಡಬಹುದು. ಹಿಡಿತದ ಪೂರ್ವಭಾವನೆ ಮಾತ್ರ ಎರಡರಲ್ಲಿಯೂ ಸಮಾನವಾಗಿದ್ದು, ‘ಉದಾರವಾಗಿ’ ಎಂಬುದಕ್ಕಿಂತ ಇದು ಮೂಲಕ್ಕೆ ಹತ್ತಿರವಾಗಲು ಅದೇ ಕಾರಣ.

ಹಿರಿಮೆಯ ಸೋಗನ್ನು ಗುರುತಿಸುವಲ್ಲಿ ಕನ್ನಡವು ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದಿದೆ. ಇಂಗ್ಲಿಷ್ ಬರಹಗಾರನು ವ್ಯಂಗ್ಯಕ್ಕೂ ಅದೇ ಕ್ರಿಯಾವಿಶೇಷಣವನ್ನು ಬಳಸುತ್ತಾನೆ. ಓದುಗನು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಕನ್ನಡದಲ್ಲಿ ‘ದೊಡ್ಡತನ’ ಮೆಚ್ಚುಗೆಯ ಮಾತು, ‘ದೊಡ್ಡಸ್ತಿಕೆ’ ಹೆಚ್ಚಾಗಿ ಮೆರೆದಾಟದ ಮಾತು. ಪ್ರಕೃತಿ ಒಂದೇ, ತೀರ್ಪು ಎರಡು. ತನ್ನದಲ್ಲದ್ದನ್ನು ಕೊಟ್ಟು ಹೆಸರು ಗಳಿಸುವವನನ್ನು ಕುರಿತು ‘ದೊಡ್ಡ ಉಪಕಾರ ಮಾಡಿದವರ ಹಾಗೆ’ ಎಂಬ ನುಡಿಗಟ್ಟೂ ಸಿದ್ಧವಾಗಿದೆ. ವ್ಯಂಗ್ಯದ ಪ್ರಯೋಗವನ್ನು ‘ಔದಾರ್ಯದಿಂದ’ ಎಂದು ಅನುವಾದಿಸಿದರೆ ಮೂಲದ ಟೀಕೆ ಕನ್ನಡದಲ್ಲಿ ಹೊಗಳಿಕೆಯಾಗಿಬಿಡುತ್ತದೆ.

8. ಉಪಸಂಹಾರ

ಮೇಲಿನ ಚರ್ಚೆಯ ಆಧಾರದ ಮೇಲೆ ಈ ನಮೂದನ್ನು ಮೂರು ಭಾಗಗಳಲ್ಲಿ ನೀಡಬೇಕೆಂದು ಸೂಚಿಸುತ್ತೇವೆ. ಹಳೆಯ ಪ್ರಯೋಗಗಳಿಗೆ: ಎದೆಗಾರಿಕೆಯಿಂದ, ಧೀರಚಿತ್ತದಿಂದ. ಇಂದಿನ ಪ್ರಯೋಗಗಳಿಗೆ: ದೊಡ್ಡ ಮನಸ್ಸಿನಿಂದ; ವಾಕ್ಯಾದಿಯಲ್ಲಿ ಬಂದಾಗ ‘...ದ್ದು ಅವರ ದೊಡ್ಡತನ’ ಎಂಬ ರಚನೆ. ವ್ಯಂಗ್ಯ ಪ್ರಯೋಗಗಳಿಗೆ: ದೊಡ್ಡ ಉಪಕಾರ ಮಾಡಿದವರಂತೆ. ‘ಉದಾರವಾಗಿ’ ಎಂಬುದನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಹಿಡಿತದ ಪ್ರಶ್ನೆ ಹಿನ್ನೆಲೆಗೆ ಸರಿದಿರುವ ಸಡಿಲ ಬಳಕೆಗಳಲ್ಲಿ ಅದು ಸಾಕಾದೀತು.

ಅನುವಾದಕರು ಈ ಪದವನ್ನು ಎದುರಿಸಿದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇಲ್ಲಿ ಬಿಟ್ಟುಕೊಟ್ಟದ್ದು ಬಿಟ್ಟುಕೊಟ್ಟವರದೇ ಆಗಿತ್ತೇ? ಹೌದಾದರೆ ಕನ್ನಡದಲ್ಲಿ ‘ದೊಡ್ಡ ಮನಸ್ಸು’ ಇದೆ. ಅಲ್ಲವಾದರೆ, ಮೂಲ ಲೇಖಕನ ಪದ ಅವನದಾಗಿಯೇ ಉಳಿಯುವಂತೆ ಅನುವಾದಿಸಿ, ಅದು ಅವನ ತೀರ್ಪೆಂಬುದನ್ನು ಓದುಗನಿಗೆ ಕಾಣಿಸಬೇಕು. ಆ ತೀರ್ಪನ್ನು ಕನ್ನಡದ ತೀರ್ಪನ್ನಾಗಿ ಮಾಡುವ ಹೊಣೆ ಅನುವಾದಕರದಲ್ಲ.